ದಾರಿ ಬಳಸಿಕೊಂಡು ಹೋದ ಮೂಲೆ

ಕ್ಲೂನಾ, ಮೇಯೋ
ಮೇ ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ಫಿಂಟನ್ ಅಣ್ಣ,

ನಿನ್ನ ಮಂಡಿ ಹೇಗಿದೆ? ಕೋಲಿಲ್ಲದೆ ಓಡಾಡುತ್ತಿದ್ದೇನೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಅದರ ಕೆಳಗೇ ಅತ್ತಿಗೆ ಪೆನ್ಸಿಲಿನಲ್ಲಿ ‘ಬರೀ ಸುಳ್ಳು’ ಎಂದು ಸೇರಿಸಿದ್ದಳು. ನಾನು ಅವಳನ್ನೇ ನಂಬಿದ್ದೇನೆ. ಫೋನಿನಲ್ಲಿ ನಿನಗೆ ನನ್ನ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ವಾದ ಹೂಡುತ್ತೀಯ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಉಸಿರು ಕಟ್ಟುವುದು ಕಡಿಮೆಯಾಗಿದೆ, ಹೊರಗೆ ನಡೆದಾಡುವುದರಿಂದಲೇ ಇರಬೇಕು.

ಊರಿನವರು ಸೇರಿ ಒಂದು ನಡಿಗೆ ದಾರಿ ಮಾಡುತ್ತಿದ್ದೇವೆ. ಹಳೇ ಶಾಲೆಯಿಂದ ಹೊರಟು, ಸುಣ್ಣದ ಗೂಡು, ಪಾಳುಬಿದ್ದ ಗಿರಣಿ, ಸಂತರ ಬಾವಿ ಎಲ್ಲ ನೋಡಿಕೊಂಡು ಊಟದ ಹೊತ್ತಿಗೆ ಮನೆ ಸೇರುವಂಥದ್ದು. ಏರಿಲ್ಲ, ಇಳಿಜಾರಿಲ್ಲ, ಮೊಮ್ಮಕ್ಕಳ ಕೈ ಹಿಡಿದು ಯಾರು ಬೇಕಾದರೂ ಹೋಗಬಹುದು. ಇಷ್ಟು ವರ್ಷ ಸೈಕಲ್ ತುಳಿದು ಅಂಚೆ ಹಂಚಿದವಳು ಎಂದು ದಾರಿಗೆ ಗುರುತು ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೇಡ ಎನ್ನುವ ಹಾಗೆ ನಟಿಸಿ ಒಪ್ಪಿಕೊಂಡೆ.

ಗಿರಣಿಯಿಂದ ಬಾವಿಗೆ ಹೋಗುವ ಕಾಲುದಾರಿ ನಿನಗೆ ಗೊತ್ತು. ಮಲಾಕಿ ಗ್ಯಾನನ್ ಅವರ ಹುಲ್ಲುಗಾವಲಿನಲ್ಲಿ ನೂಲು ಹಿಡಿದ ಹಾಗೆ ನೇರವಾಗಿ ಬರುತ್ತದೆ. ನಾವೆಲ್ಲ ಲಿಷೀನ್ ಎನ್ನುತ್ತಿದ್ದ ಮುಳ್ಳುಮರದ ಮೂಲೆ ಬಂದ ಕೂಡಲೇ ಮೊಣಕೈಯಂತೆ ತಿರುಗಿ, ಕುಳ್ಳ ಗೋಡೆಯ ಹೊರಗಿನಿಂದ ಸುತ್ತು ಹೊಡೆದು, ಮತ್ತೆ ನೇರವಾಗುತ್ತದೆ. ಅಲ್ಲಿ ಕೆಸರಿಲ್ಲ, ಬಂಡೆಯಿಲ್ಲ. ಮತ್ತೇಕೆ ತಿರುಗಬೇಕು? ಅಂಚೆ ಚೀಲ ಹೊತ್ತು ಎಷ್ಟೋ ಸಲ ಆ ಸುತ್ತು ಸುತ್ತಿದ್ದೇನೆ, ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಈ ಸಲ ತಲೆಗೆ ಹುಳ ಹೊಕ್ಕಿತು. ನಮ್ಮ ಸಮಿತಿಯ ಅಧ್ಯಕ್ಷೆ ಕನ್ಸೆಪ್ಟಾ ಗೋಡೆ ಒಡೆದು ದಾರಿ ನೇರ ಮಾಡೋಣ ಎಂದಳು. ಮಲಾಕಿ ಆಗುವುದಿಲ್ಲ ಎಂದರು. ಕಾರಣ ಹೇಳಲಿಲ್ಲ. ಮುದುಕನದು ಬರೀ ಹಟ ಎಂದು ಕನ್ಸೆಪ್ಟಾ ಸಿಡುಕಿದಳು.

ನನಗೆ ಹಾಗನ್ನಿಸಲಿಲ್ಲ. ಒಂದು ದಿನ ರೊಟ್ಟಿ ಸುಟ್ಟುಕೊಂಡು ಹೋದೆ, ಇನ್ನೊಂದು ದಿನ ಜ್ಯಾಮ್ ಒಯ್ದೆ. ಅವರು ಚಹಾ ಕೊಟ್ಟರು, ಕರು ಹಾಕಲಿರುವ ಹಸುವಿನ ಬಗ್ಗೆ ಹೇಳಿದರು, ನಾನು ಲಿಷೀನ್ ಎಂದ ಕೂಡಲೇ ಕಿಟಕಿಯ ಕಡೆ ತಿರುಗಿದರು. ಕೊನೆಗೆ ಒಂದು ಮಧ್ಯಾಹ್ನ ಬಟ್ಟಲು ಕೆಳಗಿಟ್ಟು, “ನಿಮ್ಮಪ್ಪನ ಹಾಗೇ ಮೊಂಡು ನೀನು. ಬೂಟು ಹಾಕ್ಕೊಂಡು ಬಾ,” ಅಂದರು.

ಗೋಡೆ ದಾಟಿ, ಕೋಲಿನಿಂದ ಹುಲ್ಲು ಸರಿಸಿ ತೋರಿಸಿದರು. ಅಂಗೈಯಷ್ಟು ಎತ್ತರದ ಕಲ್ಲುಗಳು, ಸಾಲುಸಾಲಾಗಿ. ಕೆಲವಕ್ಕೆ ತಲೆಯ ಕಡೆ ಬಿಳಿ ಬೆಣಚು ಕಲ್ಲು. ಯಾವುದೋ ಹಳೇ ಪಾಯ ಎಂದುಕೊಂಡು ನಾನು ಬಗ್ಗಿದೆ.

“ಮಕ್ಕಳು ಕಣಮ್ಮ,” ಅಂದರು. “ಜ್ಞಾನಸ್ನಾನ ಮಾಡಿಸಿ ಹೆಸರಿಡೋಕೆ ಮುಂಚೆ ತೀರಿಹೋದವು. ಚರ್ಚಿನ ನೆಲದಲ್ಲಿ ಇವಕ್ಕೆ ಜಾಗ ಕೊಡ್ತಿರಲಿಲ್ಲ. ನಮ್ಮಜ್ಜ ಕೊಟ್ಟ. ನಮ್ಮಪ್ಪನೂ ಯಾರಿಗೂ ಇಲ್ಲ ಅನ್ನಲಿಲ್ಲ.”

ದಾರಿಯನ್ನು ತಿರುಗಿಸಿದ್ದು ಯಾರು ಎಂದು ಕೇಳಿದೆ. ಯಾರೂ ತಿರುಗಿಸಲಿಲ್ಲವಂತೆ. ತುಳಿಯಬಾರದು ಎಂದು ಜನ ಒಬ್ಬೊಬ್ಬರೇ ಬಳಸಿಕೊಂಡು ಹೋದರು, ಕಾಲು ಬಿದ್ದಲ್ಲಿ ದಾರಿ ಬಿತ್ತು. ಆ ಮರದಡಿ ದೆವ್ವಗಳಿವೆ, ಆಡಬೇಡಿ ಎಂದು ನಮ್ಮನ್ನು ಹೆದರಿಸುತ್ತಿದ್ದ ದೊಡ್ಡವರಿಗೆಲ್ಲ ಇದು ಗೊತ್ತಿತ್ತು ಅಣ್ಣ. ಒಬ್ಬರಾದರೂ ಬಾಯಿ ಬಿಡಲಿಲ್ಲ.

ಮಲಾಕಿಯವರ ಒಪ್ಪಿಗೆ ಪಡೆದು ಸಭೆಯಲ್ಲಿ ಹೇಳಿದೆ. ಕನ್ಸೆಪ್ಟಾ ಗೋಡೆ ಒಡೆಯುವ ಮಾತು ಬಿಟ್ಟಳು. ಆಮೇಲೆ ಯಾರೋ ಒಂದು ಫಲಕ ಹಾಕಿಸೋಣ ಎಂದರು. ಸಭೆಗೆ ಎಂದೂ ಬಾರದ ಮಲಾಕಿ ಬಾಗಿಲಲ್ಲಿ ಟೋಪಿ ಹಿಸುಕುತ್ತ ನಿಂತಿದ್ದರು. ಫಲಕ ಹಾಕಿದರೆ ಫೋಟೋ ಹೊಡೆಯುವವರು ಬರುತ್ತಾರೆ, ಗೋಡೆ ಇದ್ದ ಹಾಗೇ ಇರಲಿ, ಯಾರೂ ಒಳಗೆ ಹೋಗುವುದು ಬೇಡ ಎಂದರು. ಎಲ್ಲರೂ ತಲೆಯಾಡಿಸಿದರು. ಆಗ ಹಿಂದಿನ ಸಾಲಿನಿಂದ ಊನಾ ಟುಲಿ ಎದ್ದರು. ತೊಂಬತ್ತು ದಾಟಿದ ಜೀವ, ಮಗಳ ಭುಜ ಹಿಡಿದೇ ನಿಲ್ಲಬೇಕು.

“ಗೋಡೆ ಆಚೆಯಿಂದ ನೋಡಿ ನೋಡಿ ನನಗೆ ಸಾಕಾಗಿದೆ ಮಲಾಕಿ,” ಅಂದರು. “ಒಂದ್ಸಲ ಒಳಗೆ ಹೋಗಿ ಅವನ ಪಕ್ಕ ಕೂತ್ಕೋಬೇಕು.”

ಪಕ್ಕದಲ್ಲಿದ್ದ ಮಗಳ ಮುಖ ನೋಡಬೇಕಿತ್ತು. ಅಣ್ಣನೊಬ್ಬ ಇದ್ದ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮಲಾಕಿ ಟೋಪಿ ಹಾಕಿಕೊಂಡು ಹೊರಟುಹೋದರು. ಮರುದಿನ ನೋಡಿದರೆ ಗೋಡೆಯ ಒಂದು ಕಡೆ ಕಲ್ಲು ತೆಗೆದು, ಒಬ್ಬರು ಹೋಗುವಷ್ಟು ಜಾಗ ಮಾಡಿ, ಸಣ್ಣದೊಂದು ಗೇಟು ಕೂರಿಸುತ್ತಿದ್ದರು. ಒಳಗೆ ತಮ್ಮ ಅಡುಗೆಮನೆಯ ಬೆಂಚನ್ನೇ ತಂದು ಹಾಕಿದ್ದರು.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ನಡೆದೆವು. ದಾರಿ ಹಳೆಯ ಹಾಗೇ ಸುತ್ತಿಕೊಂಡು ಹೋಗುತ್ತದೆ, ಫಲಕ ಇಲ್ಲ. ಊನಾ ಬೆಂಚಿನ ಮೇಲೆ ಕೂತರು, ಮಗಳು ಕೆಳಗೆ ಹುಲ್ಲಿನ ಮೇಲೆ. ನಾವು ಮಿಕ್ಕವರು ಬಾವಿಯ ಕಡೆ ನಡೆದೆವು. ಹಿಂದಿರುಗಿ ಬಂದಾಗಲೂ ಇಬ್ಬರೂ ಅಲ್ಲೇ ಇದ್ದರು, ಯಾವುದಕ್ಕೋ ನಗುತ್ತಿದ್ದರು.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳನ್ನು ದೇವರು ಕಾಯಲಿ, ನಿನಗೆ ಹಟ ಸ್ವಲ್ಪ ಕಡಿಮೆ ಮಾಡಲಿ.

ನಿನ್ನ ತಂಗಿ,
ಡಿಂಪ್ನಾ

ಇನ್ನೊಂದು ಮಾತಿದೆ. ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆ ಗಾಡಿ ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಎಲ್ಲರೂ ಹೋದ ಮೇಲೆ ಮಲಾಕಿ ನನ್ನನ್ನು ಮರದ ಬುಡದ ಕಲ್ಲೊಂದರ ಹತ್ತಿರ ಕರೆದು, “ಇದು ನಿಮ್ಮನೆಯದು,” ಅಂದರು. ನೀನು ಹುಟ್ಟುವ ಹಿಂದಿನ ವರ್ಷ ಅಪ್ಪ ತಂದು ಮಲಗಿಸಿದ್ದಂತೆ, ಗುಂಡಿ ತೋಡಿದ್ದು ಮಲಾಕಿಯವರ ಅಪ್ಪ. ಹೆಣ್ಣುಮಗು. ನೀನು ನಮ್ಮ ಮನೆಯ ಹಿರಿಯನಲ್ಲ ಅಣ್ಣ, ನಮಗೆ ಅಕ್ಕ ಇದ್ದಳು. ಹೆಸರಿಟ್ಟಿರಲಿಲ್ಲ. ನಾನೊಬ್ಬಳೇ ಇಡಲಾರೆ, ಯೋಚಿಸಿ ಒಂದು ಹೆಸರು ಬರೆದು ಕಳಿಸು. ಅಮ್ಮನ ಹೆಸರು ಬೇಡ, ಅಜ್ಜಿಯದೂ ಬೇಡ. ಅವಳಿಗೆ ಅವಳದೇ ಒಂದಿರಲಿ.