ಏಳನೇ ಕ್ಲಾಸಿನ ಮಗಳು

ಮೇ 6, ಸೋಮವಾರ

ಕಾಲರ್‌ಗಳೆಲ್ಲ ಮುಗಿದವು. ತೋಳು ಬಾಕಿ. ಶಾಲೆ ಶುರುವಾಗುವ ಮೊದಲು ಯೂನಿಫಾರ್ಮ್ ಕೊಡದಿದ್ದರೆ ಅಂಗಡಿಯವರು ನನ್ನನ್ನೇ ಹೊಲಿದುಬಿಡುತ್ತಾರೆ.

ಬೆಳಿಗ್ಗೆ ಕಂಪನಿಯವರು ಬಂದು ನಮ್ಮ ಯಜಮಾನರ ಟ್ಯಾಕ್ಸಿಗೆ ಕ್ಯಾಮೆರಾ ಕೂರಿಸಿ ಹೋದರು. ಸ್ಟೀರಿಂಗ್ ಕೆಳಗೆ ಒಂದು ಕೆಂಪು ಬಟನ್. ಒತ್ತಿದರೆ ಕಂಟ್ರೋಲ್ ರೂಮಿಗೂ ನನ್ನ ಫೋನಿಗೂ ಅಲಾರಂ. ಆಗ ನಾನು ಮಾತಾಡಿದರೆ ಕಾರಿನೊಳಗೆ ಕೇಳುತ್ತದೆ. ಉಳಿದ ಹೊತ್ತಿನಲ್ಲೂ ಫೋನಿನಲ್ಲಿ ನೋಡಬಹುದು, ಕೇಳಬಹುದು.

ಇವರಿಗೆ ಸಿಡಿಮಿಡಿ. "ಹಿಂದೆ ಕೂತೋರನ್ನ ನೋಡೋಕೆ ಕನ್ನಡಿ ಇಲ್ವಾ?"

"ಆವತ್ತೂ ಇತ್ತಲ್ಲ ಕನ್ನಡಿ. ಹಿಂದೆ ಕೂತೋನು ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆದಾಗ ಏನ್ ಮಾಡ್ತು?"

ಇವರ ಕತ್ತಿನ ಗುರುತು ಇನ್ನೂ ಹೋಗಿಲ್ಲ. ಸೆಕೆಯಲ್ಲೂ ಮೇಲಿನ ಗುಂಡಿ ಹಾಕಿಕೊಂಡೇ ಹೋಗುತ್ತಾರೆ. ಹೋದವರು ಮನೆಗೆ ಬರುವವರೆಗೆ ನನ್ನ ಜೀವ ನನ್ನದಲ್ಲ.

ಮೇ 7, ಮಂಗಳವಾರ

ಫೋನನ್ನು ಮಿಷಿನ್ ಪಕ್ಕ ಒರಗಿಸಿಟ್ಟುಕೊಂಡು ಹೊಲಿದೆ. ಮನೆಯಲ್ಲಿ ಮಾತಿಗೆ ಬರ, ಕಾರಿನಲ್ಲಿ ನೋಡಬೇಕು! ನಗುವುದೇನು, ಹರಟುವುದೇನು. ಇವರು ಇಷ್ಟು ಮಾತಾಡುತ್ತಾರೆ ಅಂತ ಗೊತ್ತೇ ಇರಲಿಲ್ಲ.

ಹನ್ನೊಂದರ ಸುಮಾರಿಗೆ ಒಬ್ಬ ಹೆಂಗಸು ಹತ್ತಿದಳು. ಮಕ್ಕಳೆಷ್ಟು ಅಂತ ಕೇಳಿದಳು.

"ಒಬ್ಳೇ ಮಗಳು ಮೇಡಂ. ಏಳನೇ ಕ್ಲಾಸು."

ಸೂಜಿ ಬೆರಳಿಗೆ ಇಳಿಯಿತು.

ನಮಗೆ ಮಕ್ಕಳಿಲ್ಲ. ಮದುವೆಯಾಗಿ ಹದಿನಾರು ವರ್ಷ. ಆ ವಿಷಯ ಮಾತಾಡುವುದನ್ನೂ ಬಿಟ್ಟು ಬಹಳ ಕಾಲವಾಯಿತು. ಯಾವ ಮಗಳು?

ಸಂಜೆ ಕೇಳಿದೆ, "ಇವತ್ತು ಯಾರ್ಯಾರು ಹತ್ತಿದ್ರು?"

"ಎಲ್ಲಾ ಮಾಮೂಲಿ" ಅಂದರು. ಮಾಮೂಲಿಯಂತೆ!

ಮೇ 9, ಗುರುವಾರ

ನಿನ್ನೆ ಮೂರು ಸಲ ಅದೇ ಮಗಳು. ಲೆಕ್ಕದಲ್ಲಿ ಹಿಂದೆಯಂತೆ, ಓಟದಲ್ಲಿ ಮುಂದೆಯಂತೆ.

ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು. "ಎಲ್ಲೋ ಇನ್ನೊಂದು ಮನೆ ಇಟ್ಟಿರ್ಬೇಕು ಕಣೇ, ಕಣ್ಣು ಬಿಟ್ಟು ನೋಡು" ಅಂದಳು.

ಶರ್ಟಿನ ಜೇಬುಗಳನ್ನೆಲ್ಲ ಜಾಲಾಡಿದೆ. ಎರಡು ಪೆಪ್ಪರಮಿಂಟು, ಒಂದು ಪೆಟ್ರೋಲ್ ಬಿಲ್ಲು. ದಿನಾ ಕತ್ತಲಾಗುವ ಮೊದಲೇ ಮನೆಗೆ ಬರುವ ಮನುಷ್ಯ ಇನ್ನೊಂದು ಮನೆಗೆ ಯಾವಾಗ ಹೋಗಬೇಕು? ಬುದ್ಧಿಗೆ ಗೊತ್ತಾಗುತ್ತದೆ. ಆದರೂ ಪ್ಯಾಂಟಿನ ಜೇಬುಗಳನ್ನೂ ನೋಡಿದೆ.

ಇವರ ಜೀವ ಕಾಯಲಿ ಅಂತ ಕೂರಿಸಿದ ಕ್ಯಾಮೆರಾ... ನಾನು ಇವರನ್ನೇ ಕಾಯುತ್ತಿದ್ದೇನೆ. ನಾಚಿಕೆಯೂ ಆಗುತ್ತದೆ, ಬಿಡಲೂ ಆಗುವುದಿಲ್ಲ. ಎರಡು ಶರ್ಟಿಗೆ ತೋಳು ತಿರುಗಾಮುರುಗಾ ಹೊಲಿದಿಟ್ಟಿದ್ದೇನೆ. ಬಿಚ್ಚಬೇಕು.

ಮೇ 14, ಮಂಗಳವಾರ

ತಲೆ ಕೆಟ್ಟುಹೋಗಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಬ್ಬರು ಹುಡುಗರು ಹತ್ತಿದರು. ದಾರಿ ಸರಿಯಿಲ್ಲ ಅಂತ ದನಿ ಏರಿಸಿದರು, ಒಬ್ಬ ಸೀಟಿಗೆ ಗುದ್ದಿದ. ಇವರ ಕೈ ಕತ್ತಿನ ಗುಂಡಿಗೆ ಹೋಯಿತು. ಯಾರೂ ಕೇಳದೆಯೇ ಶುರು ಮಾಡಿದರು:

"ನನ್ ಮಗಳೂ ಹೀಗೇನಪ್ಪಾ, ಮೂಗಿನ ತುದೀಲೇ ಕೋಪ. ಹಾಲಲ್ಲಿ ಕೆನೆ ಕಂಡ್ರೆ ಲೋಟನೇ ತಳ್ತಾಳೆ. ಅವಳ ಕತ್ತರಿ ಯಾರಾದ್ರೂ ಮುಟ್ಟಿದ್ರೆ ಮುಗೀತು, ರಂಪ! ಎಂಥಾ ಚಳಿ ಇದ್ರೂ ಪಾದ ಮಾತ್ರ ಹೊದಿಕೆಯಿಂದ ಆಚೆ."

ಹಿಂದಿನವರು ಮೆತ್ತಗಾದರು. ಒಬ್ಬ ನಕ್ಕ. "ನಿಧಾನಕ್ಕೆ ಹೋಗಿ ಅಂಕಲ್, ಅರ್ಜೆಂಟಿಲ್ಲ."

ಕೆನೆ ಕಂಡರೆ ಆಗದವಳು ನಾನು. ಕತ್ತರಿ ನನ್ನದು. ಪಾದ...

ಇನ್ನೊಂದು ಮನೆಯೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನೇ ಚಿಕ್ಕವಳನ್ನು ಮಾಡಿ ಶಾಲೆಗೆ ಸೇರಿಸಿದ್ದಾರೆ. ಯಾಕೆ?

ಮೇ 15, ಬುಧವಾರ

ಇವರ ಸ್ಟ್ಯಾಂಡಿನ ಹಿರಿಯ ಡ್ರೈವರ್ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದರು. ಮಗಳ ವಿಷಯ ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

"ಅಯ್ಯೋ, ನಾವೆಲ್ಲಾ ಹೇಳ್ತೀವಮ್ಮಾ. ಚಿಕ್ಕ ಮಗಳಿದಾಳೆ ಅಂದ್ರೆ ಕೈ ಎತ್ತೋನೂ ಒಂದ್ ಕ್ಷಣ ಯೋಚ್ನೆ ಮಾಡ್ತಾನೆ. ನಂಗಿರೋದು ಮೂರೂ ಗಂಡು. ಟ್ಯಾಕ್ಸೀಲಿ ಮಾತ್ರ ಹೆಣ್ಮಗು." ನಕ್ಕರು. ಆಮೇಲೆ ಮೆಲ್ಲಗೆ, "ಆವತ್ತು ಆ ಬೆಲ್ಟ್ ಹಾಕ್ದೋನು ಮೊದ್ಲು ಮನೇಲಿ ಯಾರ್ಯಾರಿದಾರೆ ಅಂತ ಕೇಳಿದ್ನಂತೆ. ಇವ್ರು 'ನಾವಿಬ್ರೇ' ಅಂದ್ರಂತೆ."

ಹಾಗಾದರೆ ಇದು ಉಪಾಯ. ಬಟನ್ ಇದ್ದ ಹಾಗೆ, ಕ್ಯಾಮೆರಾ ಇದ್ದ ಹಾಗೆ. ಸರಿ. ಆದರೆ ಉಪಾಯಕ್ಕೆ 'ಮಗಳು' ಅಂದರೆ ಸಾಕಲ್ಲ? ಕೆನೆ ಯಾಕೆ ಬೇಕು? ಪಾದ ಯಾಕೆ? ಹೇಳುವಾಗ ಇವರ ಮುಖ ಹಾಗೇಕೆ ಅರಳುತ್ತದೆ? ನನಗೆ ಕೋಪ ಬರಬೇಕೋ, ಅಳು ಬರಬೇಕೋ. ಎರಡೂ ಬರುತ್ತಿವೆ.

ಮೇ 28, ಮಂಗಳವಾರ, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಫೋನ್ ನೋಡುವುದನ್ನೂ ಬಿಟ್ಟಿದ್ದೆ. ಆ ಮಗಳ ಸುದ್ದಿ ಕೇಳಲಾಗುತ್ತಿರಲಿಲ್ಲ.

ಇವತ್ತು ಊಟಕ್ಕೆ ಏಳುವ ಹೊತ್ತಿಗೆ ಅಲಾರಂ. ನೋಡಿದರೆ ಕಾರು ಎಲ್ಲೋ ನಿಂತಿದೆ. ಹಿಂದಿನಿಂದ ಒಬ್ಬ ದಪ್ಪ ಮನುಷ್ಯ ಬಾಗಿ ಇವರ ಕಾಲರ್ ಹಿಡಿದು ತಿರುಚುತ್ತಿದ್ದಾನೆ. ಇವರಿಗೆ ಮಾತು ಹೊರಡುತ್ತಿಲ್ಲ. ಕಂಟ್ರೋಲ್ ರೂಮಿನ ಹುಡುಗಿ, "ಪೊಲೀಸ್ ಹೊರಟಿದಾರೆ ಮೇಡಂ, ನೀವು ಮಾತಾಡ್ತಾ ಇರಿ" ಅಂದಳು.

ಏನು ಮಾತಾಡಲಿ? ಬೈಯಲೇ? ಬೇಡಿಕೊಳ್ಳಲೇ? ಬಾಯಿ ತಾನಾಗಿ ಹೇಳಿತು:

"ರೀ, ಎಲ್ಲಿದೀರಿ? ಮಗಳು ಊಟಕ್ಕೇ ಕೂತಿಲ್ಲ. ಅಪ್ಪ ಬರ್ಲಿ ಅಂತ ಹಟ ಹಿಡಿದಿದಾಳೆ."

ಆ ಮನುಷ್ಯ ತಲೆಯೆತ್ತಿ ಕ್ಯಾಮೆರಾ ನೋಡಿದ. ಇವರೂ ನೋಡಿದರು. ಅಂಥ ಕಣ್ಣು ನಾನು ಕಂಡಿರಲಿಲ್ಲ.

"ಏಳನೇ ಕ್ಲಾಸು" ಅಂದೆ. ಯಾಕೆ ಅಂದೆನೋ. "ಒಬ್ಳೇ ಮಗಳು."

ಅವನ ಕೈ ಸಡಿಲವಾಯಿತು. ಬಾಗಿಲು ತೆಗೆದು ಇಳಿದು ಹೋದ. ಇವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಉಸಿರಾಡುವುದು ಕೇಳಿಸುತ್ತಿತ್ತು.

ಅದೇ ದಿನ, ಸಂಜೆ

ಬಂದರು. ಪೊಲೀಸರು ಹೇಳಿಕೆ ಬರೆಸಿಕೊಂಡು ಕಳಿಸಿದರಂತೆ. ಮೇಲಿನ ಗುಂಡಿ ಕಿತ್ತುಹೋಗಿತ್ತು. ಶರ್ಟ್ ಬಿಚ್ಚಿಸಿ ಹೊಲಿಯುತ್ತ ಕೂತೆ.

ಆಮೇಲೆ ನೆಲ ನೋಡುತ್ತ ಕೇಳಿದರು, "ಊಟ ಮಾಡಿದ್ಲಾ?"

ದಾರ ಕೈತಪ್ಪಿತು. "ಇಲ್ಲ. ಹಾಲು ಕುಡಿದ್ಲು."

"ಕೆನೆ?"

"ತೆಗೆದು ಕೊಟ್ಟೆ."

ನಕ್ಕರೋ ಅತ್ತರೋ ತಿಳಿಯಲಿಲ್ಲ. ನಾನೂ ಯಾವುದು ಮಾಡಿದೆನೋ ತಿಳಿಯಲಿಲ್ಲ. ಕಡೆಗೆ ಧೈರ್ಯ ಮಾಡಿ, ಹೆಸರೇನು ಇಟ್ಟಿದ್ದೀರಿ ಅಂತ ಕೇಳಿದೆ. ಹೇಳಿದರು.

ಇವರಿಗೆ ಇನ್ನೂ ನೆನಪಿದೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಬಟ್ಟೆ ಮಡಚುತ್ತ ನಾನೇ ಹೇಳಿದ್ದ ಹೆಸರು ಅದು. ಹೆಣ್ಣಾದರೆ ಇದೇ ಇಡೋಣ ಅಂತ ನಾನು ಅವತ್ತು ಅಂದದ್ದನ್ನು ನಾನೇ ಮರೆತಿದ್ದೆ.