ಚಿಮಿಣಿ ಎಣ್ಣೆಯ ಕ್ಯಾನ್

ಕಾಪು
12-2-1985

ವಾದಿರಾಜ ಸರ್ ಅವರಿಗೆ ಜಲಾಲ್ ಮಾಡುವ ಸಲಾಂ.

ನನಗೆ ಜ್ವರ ಎಂದು ಹೇಳಿ ಕಳಿಸಿದ್ದು ಸುಳ್ಳು. ನಿಮ್ಮ ಮುಖ ನೋಡಲು ಧೈರ್ಯ ಇರಲಿಲ್ಲ.

ಬೆಂಗಳೂರಿನ ವಿಮಾನದವರು ನೋಡಲು ಮಣಿಪಾಲಕ್ಕೆ ಬಂದ ದಿನ ನಮ್ಮ ರೋಟರಿ ಎಂಜಿನ್ ಓಡಿದ್ದು ದೀಪಕ್ಕೆ ಹಾಕುವ ಚಿಮಿಣಿ ಎಣ್ಣೆಯಲ್ಲಿ ಅಲ್ಲ ಸರ್. ಪೆಟ್ರೋಲಿನಲ್ಲಿ ಸರಿ ಓಡುತ್ತದೆ, ಆದರೆ ಅವತ್ತು ಬೆಳಿಗ್ಗೆ ನಾನೊಬ್ಬನೇ ಚಿಮಿಣಿ ಎಣ್ಣೆ ಹಾಕಿ ನೋಡಿದಾಗ ಎರಡು ನಿಮಿಷಕ್ಕೆ ನಿಂತಿತು. ನಿಮಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವು ಅವರಿಗೆ, "ಇವರು ಜಲಾಲ್, ನಮ್ಮ ಎಂಜಿನಿಯರ್" ಎಂದಿರಿ. ನಾನು ಏಳನೇ ಕ್ಲಾಸು ಕಲಿತು ದೋಣಿಯ ಎಂಜಿನ್ ರಿಪೇರಿ ಮಾಡುವವನು. ಆ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಚಿಮಿಣಿ ಎಣ್ಣೆಯ ಕ್ಯಾನಿಗೆ ಪೆಟ್ರೋಲ್ ತುಂಬಿಸಿದೆ. ವಾಸನೆ ಬರಲಿ ಎಂದು ಹೊರಗಿನಿಂದ ಸ್ವಲ್ಪ ಚಿಮಿಣಿ ಎಣ್ಣೆ ಸವರಿದೆ.

ನಿನ್ನೆ ನಿಮ್ಮ ಕಾಗದ ಬಂತು. ಬರುವ ತಿಂಗಳು ಎಂಜಿನನ್ನು ಎರಡು ಸೀಟಿನ ವಿಮಾನಕ್ಕೆ ಜೋಡಿಸಿ ಚಿಮಿಣಿ ಎಣ್ಣೆಯಲ್ಲೇ ಹಾರಿಸುತ್ತಾರೆ ಎಂದು ಬರೆದಿದ್ದೀರಿ. ದೋಣಿಯಲ್ಲಿ ಎಂಜಿನ್ ನಿಂತರೆ ಹುಟ್ಟು ಹಾಕಿ ದಡ ಸೇರಬಹುದು. ಆಕಾಶದಲ್ಲಿ ಆ ಪೈಲಟ್ ಎಂತ ಮಾಡುವುದು?

ದಯವಿಟ್ಟು ಇವತ್ತೇ ಬೆಂಗಳೂರಿಗೆ ಟೆಲಿಗ್ರಾಂ ಕೊಟ್ಟು ನಿಲ್ಲಿಸಿ. ತಪ್ಪು ನನ್ನದೆಂದು ಹೆಸರು ಹಾಕಿಯೇ ತಿಳಿಸಿ. ಈ ಪತ್ರ ತರುವ ನನ್ನ ಅಣ್ಣ ಸುಲೈಮಾನ್ ಕೈಯಲ್ಲಿ ಲ್ಯಾಬಿನ ಕೀ ಉಂಟು, ತೆಗೆದುಕೊಳ್ಳಿ.

ಅವತ್ತು ಎಂಜಿನ್ ಓಡಿದಾಗ ನೀವು ಎಲ್ಲರೆದುರು ನನ್ನ ಮಸಿ ಹಿಡಿದ ಕೈಯನ್ನು ನಿಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿರಿ. ಅದನ್ನು ಮನೆಗೆ ಬಂದು ಹೆಂಡತಿ ಜುಬೈದಾಳಿಗೂ ಹೇಳಲು ನನ್ನಿಂದ ಆಗಲಿಲ್ಲ.

ಇತಿ,
ಜಲಾಲ್