ಮಂತ್ರಿ ಅನ್ನೋ ಕಾಯಿ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 8

ಗೇಮಿನ ಅಪ್‌ಡೇಟ್ ಇನ್ನೂ ಇಳಿಯುತ್ತಲೇ ಇದೆ. ಅರವತ್ತೆರಡು ಪರ್ಸೆಂಟ್. ಹಲ್ಲುಜ್ಜಿ ಬಂದೆ, ಅರವತ್ತಮೂರು. ಸ್ನಾನ ಮಾಡಿ ಬಂದೆ, ಮತ್ತೆ ಅರವತ್ತೆರಡು. ಹಿಂದಕ್ಕೆ ಹೋಗುವುದನ್ನು ಸರ್ಕಾರದಿಂದ ಕಲಿತಿರಬೇಕು.

ಈ ವರ್ಷ ಬಂದ ಹೊಸ ಗೇಮುಗಳದ್ದೆಲ್ಲ ಒಂದೇ ಹಣೆಬರಹ. ಟ್ರೈಲರ್‌ನಲ್ಲಿ ಸಮುದ್ರ, ಬೆಟ್ಟ, ಕುದುರೆಯ ಬಾಲದ ಒಂದೊಂದು ಕೂದಲು. ಕೊಂಡು ತೆರೆದರೆ ಸಮುದ್ರದ ಜಾಗದಲ್ಲಿ 'ಶೀಘ್ರದಲ್ಲೇ' ಅಂತ ಬೋರ್ಡು. ಚುನಾವಣೆ ಪ್ರಣಾಳಿಕೆಯೂ ಇದೇ ತಾನೆ. ಅರೆಬೆಂದದ್ದನ್ನು ಬಡಿಸುವುದು, ಉಳಿದದ್ದು ಆಮೇಲೆ ಅನ್ನುವುದು. ಗೇಮಿಗಾದರೆ ಅವತ್ತೇ ಒಂದು ಸ್ಟಾರ್ ಕೊಟ್ಟು ಉಗಿಯಬಹುದು. ಇವರಿಗೆ ಐದು ವರ್ಷ ಕಾಯಬೇಕು.

ಮನಸ್ಸಿಗೆ ಹಿಡಿಸಿದ್ದು ಒಂದೇ — 'ಅರವತ್ನಾಲ್ಕು ಮನೆ'. ಚದುರಂಗವೇ, ಆದರೆ ನಾಲ್ಕು ಜನರ ತಂಡ. ಬೋರ್ಡಿನ ನಡುವೆ ನದಿ, ನದಿಗೊಂದು ಸೇತುವೆ. ನಮ್ಮ ಭಾಷೆಯಲ್ಲೂ ಬಂದಿದೆ ಅಂತ ಕುಣಿದಿದ್ದೆ. ತೆರೆದು ನೋಡಿ ಮೈ ಉರಿಯಿತು. ಆನೆಗೆ 'ಕಾಗೆ' ಅಂತ ಹಾಕಿದ್ದಾರೆ. ಇಂಗ್ಲಿಷಿನಲ್ಲಿ ಆ ಕಾಯಿ 'ರೂಕ್', ಅದೇ ಹೆಸರಿನ ಒಂದು ಕಾಗೆಯೂ ಇದೆಯಂತೆ. ಡಿಕ್ಷನರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆದಿದ್ದಾರೆ. ಚೆಕ್ ಕೊಟ್ಟರೆ 'ರಾಜನನ್ನು ಪರಿಶೀಲಿಸಲಾಗಿದೆ' ಅಂತ ಬರುತ್ತದೆ. ಮಂತ್ರಿಗೆ 'ರಾಣಿ'. ಅಪ್ಪ ನನಗೆ ಆರನೇ ವಯಸ್ಸಿಗೆ ಕಲಿಸಿದ್ದು ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ಮನೆಮನೆಯಲ್ಲಿ ಆಡುವವರು ಹೀಗೇ ಅನ್ನುವುದು. ಇವರು ಯಾರನ್ನು ಕೇಳಿದರು?

ಕಂಪನಿಗೆ ಬರೆಯುತ್ತೇನೆ. ಬಿಡುವುದಿಲ್ಲ.

ಮಾರ್ಚ್ 5, ಗುರುವಾರ. ಸಂಜೆ 6.30

ಇಡೀ ದಿನ ಪ್ರೆಸ್‌ನಲ್ಲಿ ಬ್ಯಾನರ್ ಕೆಲಸ. ಊರಿನ ಹೊಸ ಸೇತುವೆ ಉದ್ಘಾಟನೆಗೆ ಲೋಕೋಪಯೋಗಿ ಮಂತ್ರಿ ಬರುತ್ತಾರೆ, ಇದೇ 21ಕ್ಕೆ. 'ಮಾನ್ಯ ಮಂತ್ರಿಗಳಿಗೆ ಹಾರ್ದಿಕ ಸ್ವಾಗತ'. ಪಕ್ಷದ ಆಫೀಸಿನವರು ಕಳಿಸಿದ ಕಾಪಿಯಲ್ಲಿ 'ಹರ್ದಿಕ' ಅಂತಿತ್ತು. ತಿದ್ದಿದೆ. ಮಂತ್ರಿಗಳ ಮುಖ ಇನ್ನೂ ದೊಡ್ಡದಾಗಲಿ ಅಂದರು. ಮಾಡಿದೆ. ಇನ್ನೂ ಅಂದರು. ಈಗ ಬ್ಯಾನರಿನಲ್ಲಿ ಸೇತುವೆ ಅವರ ಮೀಸೆಯ ಕೆಳಗೆ ಒಂದು ಗೆರೆ.

ಮನೆಗೆ ಬಂದರೆ ಟಿವಿಯಲ್ಲೂ ಅದೇ ಮುಖ. ಸರ್ಕಾರ ಗೇಮ್ ನಿಯಂತ್ರಣ ಮಸೂದೆ ತರುತ್ತದಂತೆ, ಸೇತುವೆ ಸಾಲದೆ ಅದಕ್ಕೂ ಇವರೇ ಮುಂದಾಳು. ಇಪ್ಪತ್ತೈದು ವರ್ಷದೊಳಗಿನವರು ಆಡಬೇಕಾದರೆ ಪೋಷಕರ ಸಹಿ ಬೇಕು. ದಿನಕ್ಕೆ ಒಂದು ಗಂಟೆ. 'ಇವರು ಕೂತಲ್ಲೇ ಕೂತು ಕೊಲ್ಲೋದು ಕಲೀತಾರೆ' ಅಂದರು. ನನಗೆ ಇಪ್ಪತ್ತೆರಡು. ಇವರಿಗೆ ಓಟು ಹಾಕುವಾಗ ನಾನು ದೊಡ್ಡವಳು. ಒಂದು ಕುದುರೆ ನಡೆಸಬೇಕಾದರೆ ಅಪ್ಪನ ಸಹಿ. ವಿರೋಧ ಪಕ್ಷದವರು ಏನಾದರೂ ಅಂದಾರು ಅಂತ ಕಾದೆ. ಅರ್ಧ ಗಂಟೆ ಸಾಕು ಅಂದರು.

ಅಪ್ಪ ಪೇಪರ್ ಹಿಡಿದು ಕೂತಿದ್ದರು. ಅವರು ಇದೇ ಮಂತ್ರಿಯ ಲೋಕೋಪಯೋಗಿ ಇಲಾಖೆಯಲ್ಲಿ ಟಪಾಲು ಗುಮಾಸ್ತ. "ಮೆತ್ತಗೆ ಬೈಯಮ್ಮ, ಕಿಟಕಿ ತೆಗೆದಿದೆ" ಅಂದರು.

ಮಾರ್ಚ್ 14, ಶನಿವಾರ. ಮಧ್ಯಾಹ್ನ

ಗೆದ್ದೆ. ಹನ್ನೊಂದು ದಿನ, ಏಳು ಪತ್ರ, ಇನ್ನೂರ ಹನ್ನೊಂದು ಜನರ ಸಹಿ. ಕಂಪನಿ ಬಗ್ಗಿತು. ಇವತ್ತಿನ ಅಪ್‌ಡೇಟಿನಲ್ಲಿ ಕಾಗೆ ಹೋಗಿ ಆನೆ. ರಾಣಿ ಹೋಗಿ ಮಂತ್ರಿ.

ಮೊದಲು ಫೋನ್ ಮಾಡಿದ್ದು ಗೂಬೆಗೆ. 'ಅರವತ್ನಾಲ್ಕು ಮನೆ'ಯಲ್ಲಿ ನಮ್ಮ ನಾಲ್ವರ ತಂಡದವನು. ದಪ್ಪ ಕನ್ನಡಕ, ಅದರ ಹಿಂದೆ ರೆಪ್ಪೆ ಮಿಟುಕಿಸದ ಕಣ್ಣು. "ಕ್ಯಾಪ್ಟನ್, ನಿನ್ನನ್ನ ಎಲೆಕ್ಷನ್‌ಗೆ ನಿಲ್ಲಿಸಬೇಕು" ಅಂದ. ಅವನಿಗೂ ಒಳ್ಳೆ ಸುದ್ದಿ. ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ, ಆರ್ಡರ್ ಬಂದಿದೆ. 23ರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೇರಬೇಕು. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ. ಮೂರು ವರ್ಷದಿಂದ ಕಾದಿದ್ದ. ಇನ್ನು ಊರಿನ ರಕ್ತವೆಲ್ಲ ನನ್ನದೇ ಅಂದ. ಇಬ್ಬರೂ ನಕ್ಕೆವು.

ಮಾರ್ಚ್ 19, ಗುರುವಾರ. ಸಂಜೆ 5

ಶನಿವಾರ 'ಅರವತ್ನಾಲ್ಕು ಮನೆ' ಟೂರ್ನಿಯ ಸೆಮಿಫೈನಲ್. ಪ್ರೆಸ್‌ನಲ್ಲಿ ಪ್ರಿಂಟ್ ಆಗುತ್ತಿರುವಾಗಲೇ ಪ್ಲಾನ್ ಬರೆದು ತಂಡದ ಗ್ರೂಪಿಗೆ ಹಾಕಿದೆ:

'ಶನಿವಾರ ಸಂಜೆ ಆರಕ್ಕೆ ಎಲ್ಲರೂ ಇರಬೇಕು. ಮಂತ್ರಿನ ಹೊಡೀಲೇಬೇಕು. ಆನೆ ಎರಡೂ ಹೋದ್ರೂ ಚಿಂತೆ ಇಲ್ಲ. ಸೇತುವೆ ದಾಟೋಕೆ ಬಿಡಬೇಡಿ. ಎಡಗಡೆ ಕುದುರೆ ನಾನು ನೋಡ್ಕೋತೀನಿ.'

ಒಳ್ಳೆ ಪ್ಲಾನ್. ಎದುರಾಳಿಗಳು ಬಲಗಡೆ ಕಾಯುತ್ತಾ ಕೂರುತ್ತಾರೆ.

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ 11

ಗೂಬೆಯನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ.

ನಿಧಾನ ಬರೆಯಬೇಕು. ಅವನ ಅಕ್ಕ ಫೋನ್ ಮಾಡಿದ್ದರು. ನನ್ನ ಪ್ಲಾನು ಎಲ್ಲರಿಗೂ ನೆನಪಿರಲಿ ಅಂತ ಗೂಬೆ ಅದನ್ನು ಕಾಪಿ ಮಾಡಿ ರಾತ್ರಿ ಮತ್ತೆ ನಮ್ಮ ಗ್ರೂಪಿಗೆ ಹಾಕಲು ಹೋಗಿ… ನಮ್ಮ ಗ್ರೂಪಿನ ಹೆಸರು '64 ಮನೆ'. ಅವನ ವಠಾರದ ಗ್ರೂಪಿನ ಹೆಸರು '46 ಮನೆ'. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹಾಕುವ ಗ್ರೂಪು. ಅಲ್ಲಿ ಹೋಗಿ ಬಿತ್ತು. ಮೇಲಿನ ಮನೆಯವರು ಪಕ್ಷದ ಕಾರ್ಯಕರ್ತರು. ನೇರ ಸ್ಟೇಷನ್ನಿಗೆ ಕಳಿಸಿದರು.

ಮಂತ್ರಿ. ಸೇತುವೆ. ಶನಿವಾರ ಸಂಜೆ ಆರು. ಉದ್ಘಾಟನೆಯೂ ಶನಿವಾರ ಸಂಜೆ ಆರಕ್ಕೇ. ನನ್ನ ಕೈಯಾರೆ ಅರವತ್ತು ಬ್ಯಾನರಿಗೆ ಆ ಟೈಮ್ ಹಾಕಿದ್ದೇನೆ. ಹೊಳೆಯಲೇ ಇಲ್ಲ.

ಎರಡು ಆನೆ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲವಾ? ಈ ಊರಲ್ಲಿ ಯಾರ ಮನೆಯಲ್ಲಿ ಆನೆ ಕಟ್ಟಿದ್ದಾರೆ?

ಅದೇ ದಿನ, ರಾತ್ರಿ 9.30

ಟಿವಿ: 'ಗೇಮ್ ಗ್ಯಾಂಗ್ ಸಂಚು ಬಯಲು'. ಒಬ್ಬ ತಜ್ಞರು ಕೂತು 'ಆನೆ' ಅಂದರೆ ಲಾರಿ, 'ಕುದುರೆ' ಅಂದರೆ ಬೈಕ್ ಅಂತ ಬಿಡಿಸಿ ಹೇಳುತ್ತಿದ್ದರು. ಮಸೂದೆ ಎಷ್ಟು ಅಗತ್ಯ ಅನ್ನುವುದು ಈಗಲಾದರೂ ಗೊತ್ತಾಯಿತಲ್ಲ ಅಂದರು ಮಂತ್ರಿಗಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಬ್ಬ ಮಾಡಿಕೊಂಡವರ ಹಾಗಿದ್ದರು.

ತಂಡದ ಉಳಿದಿಬ್ಬರು ಗ್ರೂಪ್ ಬಿಟ್ಟಿದ್ದಾರೆ. ದಿನಾ ಸರ್ಕಾರವನ್ನು ಉರುಳಿಸುವ ಮಾತಾಡುತ್ತಿದ್ದವರು. ಹೇಡಿಗಳು.

ಗೂಬೆಯ ಅಕ್ಕ ಮತ್ತೆ ಫೋನ್ ಮಾಡಿದರು. ಬರೆದದ್ದು ಯಾರು ಅಂತ ಕೇಳಿದ್ದಕ್ಕೆ "ನಾನೇ" ಅಂದನಂತೆ. ಬೇರೆ ಮಾತೇ ಆಡಿಲ್ಲವಂತೆ. ಚೆಸ್ ಅಂದರೆ ತಂಡದಲ್ಲಿ ಯಾರ್ಯಾರು ಅಂತ ಕೇಳುತ್ತಾರೆ ಅಂತಿರಬೇಕು. ಫೋನ್ ಕಸಿದುಕೊಂಡು ತಪಾಸಣೆಗೆ ಕಳಿಸಿದ್ದಾರೆ, ವಾರ ಆಗುತ್ತದೆ ಅಂದಿದ್ದಾರೆ. ಸೋಮವಾರ ಹತ್ತು ಗಂಟೆಗೆ ಅವನು ಆಸ್ಪತ್ರೆಯಲ್ಲಿರಬೇಕು.

ನನ್ನ ಹೆಸರು ಹೇಳಿಲ್ಲ ಅವನು. ಅದು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಅಪ್ಪನಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ನೀನು ಸುಮ್ಮನಿರು ಪುಟ್ಟಿ. ಅವರಾಗೇ ಬಿಡ್ತಾರೆ."

"ಸೋಮವಾರದೊಳಗೆ ಬಿಡ್ತಾರಾ?"

"ನನಗೆ ಇನ್ನೆರಡು ವರ್ಷ ಸರ್ವೀಸ್ ಇದೆ. ಅದೇ ಮಂತ್ರಿ, ಅದೇ ಇಲಾಖೆ. ನಿನ್ನ ಹೆಸರು ಬಂದ್ರೆ ಅದರ ಹಿಂದೇನೇ ನನ್ನ ಹೆಸರೂ ಬರುತ್ತೆ."

"ಅದು ಚೆಸ್ ಅಪ್ಪಾ."

"ಚೆಸ್ ಅಂತ ನಂಗೊತ್ತು. ನಾನೇ ತಾನೆ ಕಲಿಸಿದ್ದು."

ಅಮ್ಮ ಅಡುಗೆಮನೆಯಿಂದಲೇ, "ಕಲಿಸೋವಾಗ ಇದನ್ನೂ ಕಲಿಸಿದ್ರಾ, ಜೊತೆಯವರನ್ನ ಬಿಟ್ಟು ಓಡೋದು?" ಅಂದಳು. ಅಪ್ಪ ಊಟ ಮಾಡದೆ ಮಲಗಿದರು. ನಾನೂ ಊಟ ಮಾಡಲಿಲ್ಲ.

ಮಾರ್ಚ್ 21, ಶನಿವಾರ. ಬೆಳಿಗ್ಗೆ 9

ಗೇಮ್ ತೆರೆದು ಸ್ಕ್ರೀನ್ ತೋರಿಸಿದರೆ ಮುಗಿಯಿತು ಅಂದುಕೊಂಡೆ. ನೋಡಿ ಸಾರ್, ಈ ಕಾಯಿಯ ಹೆಸರೇ ಮಂತ್ರಿ. ಇಷ್ಟೇ.

ತೆರೆದರೆ ಹೊಸ ಅಪ್‌ಡೇಟ್. ಯಾವತ್ತೂ ಇಳಿಯದ್ದು ಇವತ್ತು ಎರಡೇ ನಿಮಿಷದಲ್ಲಿ ಇಳಿದಿದೆ. 'ಇತ್ತೀಚಿನ ಬೆಳವಣಿಗೆಗಳ ಹಿನ್ನೆಲೆಯಲ್ಲಿ' ಮಂತ್ರಿ ಮತ್ತೆ ರಾಣಿ. ಚಾಟ್‌ನಲ್ಲಿ ಮಂತ್ರಿ ಅಂತ ಟೈಪ್ ಮಾಡಿದೆ. ಪದದ ಜಾಗದಲ್ಲಿ ನಾಲ್ಕು ನಕ್ಷತ್ರ ಬಂತು. ಕಾಗೆ ಅಂತ ಟೈಪ್ ಮಾಡಿದೆ. ಅದು ಬಂತು.

ಹೇಡಿ ಕಂಪನಿ. ಏಳು ಪತ್ರ ಬೇಕಾಯಿತು ಒಂದು ಪದ ಸರಿಮಾಡಲು. ಕಿತ್ತು ಹಾಕಲು ಒಂದು ಟಿವಿ ಚರ್ಚೆ ಸಾಕಾಯಿತು. ಪದ ಅವರಪ್ಪನ ಮನೆಯದಲ್ಲ, ನಮ್ಮದು. ಈ ಮಂತ್ರಿ ಹುಟ್ಟುವ ಮೊದಲೇ ನಮ್ಮ ಬೋರ್ಡಿನ ಮೇಲೆ ಅದು ನಡೆದಾಡುತ್ತಿತ್ತು.

ನಾನು ಅಷ್ಟು ಹಟ ಮಾಡದೆ ರಾಣಿ ಅಂತಲೇ ಬಿಟ್ಟಿದ್ದರೆ? 'ರಾಣಿನ ಹೊಡೀಲೇಬೇಕು' ಅಂತ ಬರೆದಿರುತ್ತಿದ್ದೆ, ಗೂಬೆ ಇವತ್ತು ಮನೆಯಲ್ಲಿರುತ್ತಿದ್ದ. ಇದನ್ನು ಯೋಚಿಸಬಾರದು ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.

ಅದೇ ದಿನ, ರಾತ್ರಿ 8.15

ಉದ್ಘಾಟನೆ ಆಯಿತು. ಯಾರೂ ಯಾರನ್ನೂ ಹೊಡೆಯಲಿಲ್ಲ. ಸೇತುವೆಯ ಎರಡೂ ಕಡೆ ನನ್ನ ಬ್ಯಾನರ್. ಪ್ರೆಸ್ ಓನರ್ ಫೋನ್ ಮಾಡಿ, ಬಣ್ಣ ಚೆನ್ನಾಗಿ ಬಂದಿದೆ, ಮಂತ್ರಿಗಳು ಮೆಚ್ಚಿದರು ಅಂದರು. ಸೆಮಿಫೈನಲ್‌ಗೆ ಯಾರೂ ಬರಲಿಲ್ಲ. ವಾಕ್‌ಓವರ್ ಹೋಯಿತು.

ನಾಳೆ ಸ್ಟೇಷನ್ನಿಗೆ ಹೋಗುತ್ತೇನೆ. ಬರೆದವಳು ನಾನು. ಅಪ್ಪನ ಮುಖ ನೋಡದೆ ಹೇಳಿದೆ. ಅವರೂ ನನ್ನ ಮುಖ ನೋಡಲಿಲ್ಲ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 10.40, ಸ್ಟೇಷನ್ ಬೆಂಚು

ಈ ಡೈರಿಯನ್ನು ಜೊತೆಗೇ ತಂದಿದ್ದೇನೆ. ಇಲ್ಲಿ ಯಾರು ಏನಂದರು ಎಲ್ಲ ಟೈಮ್ ಸಮೇತ ಬರೆದಿಡಬೇಕು.

ಚಪ್ಪಲಿ ಹಾಕುತ್ತಿದ್ದಾಗ ಅಪ್ಪ ಒಳಗೆ ಹೋದರು. ತಡೆಯುತ್ತಾರೆ ಅಂದುಕೊಂಡೆ. ಅಟ್ಟದಿಂದ ಚೆಸ್ ಡಬ್ಬಿ ಇಳಿಸಿ ಬಂದರು, ಇಸ್ತ್ರಿ ಶರ್ಟು ಹಾಕಿಕೊಂಡು. "ನಡಿ" ಅಂದರು. ಅಷ್ಟೇ. ದಾರಿಯಲ್ಲಿ ಒಂದು ಸಲ ಮಾತ್ರ, "ಫೋನಿನಲ್ಲಿರೋದನ್ನ ಅಳಿಸಬಹುದು, ಮರದ್ದನ್ನ ಹೇಗೆ ಅಳಿಸ್ತಾರೆ" ಅಂದರು. ಡಬ್ಬಿ ನಾನು ಹಿಡಿದುಕೊಂಡೆ.

10.55

ಇನ್ಸ್‌ಪೆಕ್ಟರ್ ಸಾಹೇಬರು ಬಂದಿಲ್ಲ. ಕಾಯಿರಿ ಅಂದರು. ಗೂಬೆ ಒಳಗಿನ ರೂಮಿನಲ್ಲಿದ್ದಾನೆ. ಬಾಗಿಲ ಸಂದಿಯಲ್ಲಿ ಅವನ ಕಾಲು ಕಾಣುತ್ತದೆ. ಒಂದು ಕಾಲಿಗೆ ಮಾತ್ರ ಚಪ್ಪಲಿ.

ಅಪ್ಪ ಡಬ್ಬಿ ತೆರೆದರು. ತೆರೆದವರು ಹಾಗೇ ಕೂತರು. ನನಗೂ ಆಗಲೇ ನೆನಪಾದದ್ದು. ನಮ್ಮ ಸೆಟ್ಟಿನಲ್ಲಿ ಕಪ್ಪು ಮಂತ್ರಿ ಇಲ್ಲ. ನನಗೆ ಹತ್ತು ವರ್ಷವಿದ್ದಾಗ ಕಳೆದುಹೋಯಿತು. ಅವತ್ತಿನಿಂದ ಅದರ ಜಾಗದಲ್ಲಿ ಟೂತ್‌ಪೇಸ್ಟ್ ಮುಚ್ಚಳ. ಬಿಳಿ ಮಂತ್ರಿಗೆ ತಲೆ ಮುರಿದಿದೆ, ಒಂಟೆಯ ಹಾಗೆ ಕಾಣುತ್ತದೆ. ತಂದ ಸಾಕ್ಷಿ ಇದು. ಟೂತ್‌ಪೇಸ್ಟ್ ಮುಚ್ಚಳ ತೋರಿಸಿ ಇದೇ ಸಾರ್ ಮಂತ್ರಿ ಅಂದರೆ ಇನ್ನೊಂದು ಕೇಸು ಹಾಕುತ್ತಾರೆ.

11.20

ಅಪ್ಪ ಸುಮ್ಮನೆ ಕೂರಲಾರದೆ ಬೆಂಚಿನ ಮೇಲೇ ಬೋರ್ಡು ಹಾಸಿದರು. ಆಡುತ್ತಿದ್ದೇವೆ. ಸ್ಟೇಷನ್ನಿನಲ್ಲಿ, ಇಂಥ ಹೊತ್ತಿನಲ್ಲಿ. ಬಾಗಿಲ ಹತ್ತಿರದ ವಯಸ್ಸಾದ ಪೇದೆ ಮೊದಲು ದೂರದಿಂದ ನೋಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡರು. ಈಗ ಬೋರ್ಡಿನ ಮೇಲೇ ಬಗ್ಗಿದ್ದಾರೆ. ಏನು ಕೇಸು, ಯಾಕೆ ಬಂದಿರಿ, ಒಂದೂ ಕೇಳಿಲ್ಲ.

11.35

ಇದನ್ನು ಅವರು ಅಂದ ಹಾಗೇ ಬರೆಯುತ್ತೇನೆ. ಒಂದಕ್ಷರ ಸೇರಿಸಿಲ್ಲ.

ಅಪ್ಪ ಆನೆಯ ಮೇಲೆ ಬೆರಳಿಟ್ಟುಕೊಂಡು ಯೋಚಿಸುತ್ತಿದ್ದರು. ಹೊಡೆದರೆ ನನ್ನ ಮುಚ್ಚಳ ಹೋಗುತ್ತದೆ, ಆದರೆ ಅವರ ಆನೆಯೂ ಹೋಗುತ್ತದೆ. ಪೇದೆಗೆ ತಡೆಯಲಾಗಲಿಲ್ಲ. ಮುಚ್ಚಳವನ್ನು ತಾವೇ ಎತ್ತಿ ಹಿಡಿದು, ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ —

"ಅಯ್ಯೋ, ಏನ್ ನೋಡ್ತಾ ಕೂತಿದ್ದೀರಿ ಸಾರ್. ಮಂತ್ರಿನ ಹೊಡೀರಿ. ಆನೆ ಹೋದ್ರೆ ಹೋಗ್ಲಿ."

ಟೈಪ್ ಮಾಡುತ್ತಿದ್ದವರು ನಿಲ್ಲಿಸಿದರು. ಒಳಗಿನ ರೂಮಿನಿಂದ ಗೂಬೆ ನಕ್ಕದ್ದು ಕೇಳಿಸಿತು. ಎರಡು ದಿನದಲ್ಲಿ ಅವನ ಬಾಯಿಂದ ಬಂದ ಎರಡನೇ ಸದ್ದಿರಬೇಕು.

ಸಾಹೇಬರು ಬಾಗಿಲಲ್ಲಿ ನಿಂತಿದ್ದಾರೆ. ಯಾವಾಗ ಬಂದರೋ. ಪೇದೆ ಎದ್ದು ಸೆಲ್ಯೂಟ್ ಹೊಡೆದಿದ್ದಾರೆ, ಮುಚ್ಚಳ ಕೈಯಲ್ಲೇ ಇದೆ.

"ಏನಂದ್ರಿ ಈಗ?"

"ಚೆಸ್ ಸಾರ್. ಮಂತ್ರಿ…" ಅಂದು ಪೇದೆ ಕೈಯಲ್ಲಿದ್ದ ಮುಚ್ಚಳ ನೋಡಿದರು. ತಾವಂದದ್ದು ಯಾವ ಮಾತು ಅಂತ ಅವರಿಗೆ ಈಗ ಗೊತ್ತಾಯಿತು. ಸಾಹೇಬರು ಬೋರ್ಡು ನೋಡುತ್ತಿದ್ದಾರೆ. ಆನೆ ನೋಡಿದರು. ಕುದುರೆ ನೋಡಿದರು. ಈಗ ನನ್ನ ಕಡೆ. ಅಪ್ಪ ನನಗಿಂತ ಮೊದಲೇ ಎದ್ದು ನಿಂತು, "ಆ ಪದ ಇವಳಿಗೆ ಕಲಿಸಿದ್ದು ನಾನು ಸಾರ್" ಅನ್ನುತ್ತಿದ್ದಾರೆ. ಇಲ್ಲ, ನಾನೇ ಹೇಳಬೇಕು, ಬರೆದದ್ದು ನಾನು ಅಂತ. ಪೆನ್ನು ಕೆಳಗಿಡುತ್ತಿದ್ದೇನೆ.